ಟೀ ಗಡಿ ದಾಟಿದರೆ ಎರಡು ಹೊಡೆತ ದಂಡ

ಹೊಸಪೇಟೆ: ಕಂಪ್ಲಿಯ ಬಯಲಿನಲ್ಲಿ ಚಿನ್ನಿದಾಂಡು ಆಡುವ ಹುಡುಗನೊಬ್ಬ ಕುಳಿಯನ್ನು ಬಿಟ್ಟು ಎರಡು ಗೇಣು ಮುಂದೆ ಚಿನ್ನಿಯನ್ನಿಟ್ಟು ಹೊಡೆದರೆ ಎದುರಾಳಿ ತಂಡ ಸುಮ್ಮನಿರುವುದಿಲ್ಲ. ಎಷ್ಟೇ ದೂರ ಹಾರಿದರೂ ಆ ಹೊಡೆತಕ್ಕೆ ಬೆಲೆಯಿಲ್ಲ. ಆಟ ಎಲ್ಲಿಂದ ಆರಂಭವಾಗಬೇಕು ಎಂಬ ವಿಷಯದಲ್ಲಿ ಹಳ್ಳಿಯ ಆಟಕ್ಕೂ ಒಲಿಂಪಿಕ್ ಕ್ರೀಡೆಗೂ ವ್ಯತ್ಯಾಸವಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿ 2018ರಲ್ಲಿ ಆರಂಭಗೊಂಡ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತರಬೇತಿ ಪಡೆದಿದ್ದ ನೀರಜ್ ಚೋಪ್ರಾ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಜಾವೆಲಿನ್ ಫೈನಲ್‌ನಲ್ಲಿ ಎಸೆದ ಆರು ಎಸೆತಗಳಲ್ಲಿ ಐದು ಫೌಲ್ ಆಗಿದ್ದವು. ಸಿಂಧುವಾದ ಒಂದೇ ಎಸೆತ, 89.45 ಮೀಟರ್, ಅವರಿಗೆ ಬೆಳ್ಳಿ ತಂದುಕೊಟ್ಟಿತು.

ಇದೇ ತತ್ವವನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸುವ ಆಟ ಗಾಲ್ಫ್. ಜಾವೆಲಿನ್‌ನಲ್ಲಿ ಗೆರೆ ತುಳಿದರೆ ಆ ಎಸೆತವಷ್ಟೇ ವ್ಯರ್ಥ. ಗಾಲ್ಫ್‌ನಲ್ಲಿ ಹೊಡೆತ ವ್ಯರ್ಥವಾಗುವುದರ ಜೊತೆಗೆ ದಂಡವೂ ಬೀಳುತ್ತದೆ. ತಪ್ಪನ್ನು ಸಕಾಲದಲ್ಲಿ ಸರಿಪಡಿಸದಿದ್ದರೆ ಸ್ಪರ್ಧೆಯಿಂದಲೇ ಹೊರಬೀಳಬೇಕಾಗುತ್ತದೆ.

ಒಂದು ಹೊಡೆತದ ಬೆಲೆ

ಗಾಲ್ಫ್‌ನಲ್ಲಿ ಎರಡು ಹೊಡೆತಗಳ ದಂಡವೆಂದರೆ ಎಷ್ಟು ದೊಡ್ಡದು ಎಂಬುದನ್ನು ಅರಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಗಾಲ್ಫ್ ಸ್ಪರ್ಧೆಯಲ್ಲಿ ನಾಲ್ಕು ದಿನಗಳಲ್ಲಿ ಒಟ್ಟು 269 ಹೊಡೆತಗಳನ್ನು ಬಳಸಿ ನಾಲ್ಕನೇ ಸ್ಥಾನ ಪಡೆದರು. 2021ರ ಆಗಸ್ಟ್ 7ರಂದು ಮುಕ್ತಾಯಗೊಂಡ ಆ ಸ್ಪರ್ಧೆಯಲ್ಲಿ ಜಪಾನಿನ ಮೋನೆ ಇನಾಮಿ ಹಾಗೂ ನ್ಯೂಜಿಲೆಂಡಿನ ಲಿಡಿಯಾ ಕೋ ತಲಾ 268 ಹೊಡೆತ ಗಳಿಸಿದ್ದರು. ಮರುಸ್ಪರ್ಧೆಯಲ್ಲಿ ಗೆದ್ದ ಇನಾಮಿಗೆ ಬೆಳ್ಳಿ, ಕೋಗೆ ಕಂಚು ದೊರೆಯಿತು. ಅಮೆರಿಕದ ನೆಲ್ಲಿ ಕೋರ್ಡಾ 267 ಹೊಡೆತಗಳೊಂದಿಗೆ ಚಿನ್ನ ಗೆದ್ದರು.

ಅಂದರೆ ಅದಿತಿ ಪದಕದಿಂದ ವಂಚಿತರಾದದ್ದು ಒಂದೇ ಒಂದು ಹೊಡೆತದಿಂದ. ಚಿನ್ನಕ್ಕೂ ನಾಲ್ಕನೇ ಸ್ಥಾನಕ್ಕೂ ನಡುವೆ ಇದ್ದ ಅಂತರ ಎರಡೇ ಹೊಡೆತ. ತಪ್ಪು ಜಾಗದಿಂದ ಆಟ ಆರಂಭಿಸಿದವರಿಗೆ ವಿಧಿಸುವ ದಂಡವೂ ಅಷ್ಟೇ. ನಾಲ್ಕು ದಿನಗಳ ಶ್ರಮವನ್ನು ಒಂದು ಕ್ಷಣದ ಅಜಾಗರೂಕತೆ ನುಂಗಿಹಾಕಬಲ್ಲದು.

ಟೀ ಜಾಗ ಎಂದರೇನು?

ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಕುಳಿಗಳಿರುತ್ತವೆ. ಪ್ರತಿ ಕುಳಿಯ ಆಟವೂ ನಿಗದಿತ ಜಾಗದಿಂದಲೇ ಆರಂಭವಾಗಬೇಕು. ಅದೇ ಟೀ ಜಾಗ. ಅಲ್ಲಿ ಎರಡು ಗುರುತುಗಳನ್ನು ನೆಟ್ಟಿರುತ್ತಾರೆ. ಈ ಗುರುತುಗಳ ಮುಂಭಾಗದ ಅಂಚುಗಳನ್ನು ಸೇರಿಸುವ ರೇಖೆಯೇ ಮುಂದಿನ ಗಡಿ. ಗುರುತುಗಳ ಹೊರ ಅಂಚುಗಳು ಎಡಬಲದ ಗಡಿ. ಹಿಂದಕ್ಕೆ ಎರಡು ಕ್ಲಬ್‌ಗಳ ಉದ್ದದಷ್ಟು ಜಾಗ ಆಟಗಾರನಿಗೆ ಲಭ್ಯ. ಅಳತೆಗೆ ಆಟಗಾರನ ಚೀಲದಲ್ಲಿರುವ, ಪಟರ್ ಹೊರತುಪಡಿಸಿ ಅತಿ ಉದ್ದದ ಕ್ಲಬ್ಬನ್ನು ಪರಿಗಣಿಸಲಾಗುತ್ತದೆ. 45 ಇಂಚಿನ ಕ್ಲಬ್ ಇದ್ದವರಿಗೆ ಈ ಆಳ ಏಳೂವರೆ ಅಡಿಯಾಗುತ್ತದೆ.

ಈ ಆಯತದೊಳಗೆ ಇರಬೇಕಾದದ್ದು ಚೆಂಡು ಮಾತ್ರ, ಆಟಗಾರನಲ್ಲ. ಕಾಲುಗಳನ್ನು ಗಡಿಯ ಹೊರಗಿಟ್ಟು ನಿಂತು ಹೊಡೆಯುವುದಕ್ಕೆ ಅಡ್ಡಿಯಿಲ್ಲ. ಚೆಂಡಿನ ಯಾವುದೇ ಒಂದು ಭಾಗ ಗಡಿಯೊಳಗಿದ್ದರೂ ಅಥವಾ ಅದರ ಮೇಲಿದ್ದರೂ ಸಾಕು. ಆದರೆ ಅನುಕೂಲಕ್ಕಾಗಿ ಗುರುತನ್ನೇ ಸರಿಸಿ ಹೊಡೆದರೆ ಅದಕ್ಕೂ ದಂಡವಿದೆ.

ಹೊಸಬರು ಎಡವುವುದು ಗಡಿಯ ಅಳತೆಯಲ್ಲಿ ಮಾತ್ರವಲ್ಲ, ಬಣ್ಣದಲ್ಲೂ. ಒಂದೇ ಕುಳಿಗೆ ಬೇರೆ ಬೇರೆ ದೂರದಲ್ಲಿ ಹಲವು ಜೊತೆ ಗುರುತುಗಳಿರುತ್ತವೆ. ಯಾವ ವರ್ಗದವರು ಯಾವ ಬಣ್ಣದ ಗುರುತಿನಿಂದ ಆಡಬೇಕೆಂಬುದನ್ನು ಸ್ಪರ್ಧಾ ಸಮಿತಿ ನಿರ್ಧರಿಸುತ್ತದೆ. ಬೇರೆ ಬಣ್ಣದ ಗುರುತಿನಿಂದ ಅಥವಾ ಬೇರೊಂದು ಕುಳಿಯ ಟೀಯಿಂದ ಹೊಡೆದರೂ ಅದು ಟೀ ಜಾಗದ ಹೊರಗಿನಿಂದ ಆಡಿದಂತೆಯೇ. ಎರಡು ಇಂಚು ಮುಂದಿಟ್ಟರೂ ಐವತ್ತು ಗಜ ಮುಂದಿಟ್ಟರೂ ದಂಡ ಒಂದೇ.

ಸ್ಟ್ರೋಕ್ ಪ್ಲೇ: ಹಿಂದಿರುಗಲೇಬೇಕು

ಒಟ್ಟು ಹೊಡೆತಗಳನ್ನು ಎಣಿಸಿ ವಿಜೇತರನ್ನು ನಿರ್ಧರಿಸುವ ಸ್ಪರ್ಧೆಗೆ ಸ್ಟ್ರೋಕ್ ಪ್ಲೇ ಎಂದು ಹೆಸರು. ಒಲಿಂಪಿಕ್ಸ್ ಗಾಲ್ಫ್ ನಡೆಯುವುದು ಈ ಮಾದರಿಯಲ್ಲೇ. ಇಲ್ಲಿ ಟೀ ಜಾಗದ ಹೊರಗಿನಿಂದ ಹೊಡೆದ ಚೆಂಡು ಆಟದಲ್ಲಿ ಇದೆ ಎಂದೇ ಪರಿಗಣಿಸುವುದಿಲ್ಲ. ಆಟಗಾರನಿಗೆ ಎರಡು ಹೊಡೆತಗಳ ದಂಡ ಬೀಳುತ್ತದೆ. ಅವನು ಹಿಂದಿರುಗಿ ಸರಿಯಾದ ಜಾಗದಿಂದ ಮತ್ತೆ ಆಡಬೇಕು.

ಉದಾಹರಣೆಗೆ, ಹೊಸಪೇಟೆಯಿಂದ ಬೆಂಗಳೂರಿಗೆ ತೆರಳಿ ಮೊದಲ ಬಾರಿಗೆ ಸ್ಪರ್ಧೆಗಿಳಿದ ಕಿರಿಯ ಆಟಗಾರನೊಬ್ಬ ತಪ್ಪು ಬಣ್ಣದ ಗುರುತಿನಿಂದ ಆಡಿದ ಎಂದಿಟ್ಟುಕೊಳ್ಳೋಣ. ಮೂರು ಹೊಡೆತಗಳಲ್ಲಿ ಚೆಂಡು ಕುಳಿಯ ಸಮೀಪ ಬಂದಾಗ ಅವನಿಗೆ ತಪ್ಪಿನ ಅರಿವಾಗುತ್ತದೆ. ಆ ಮೂರೂ ಹೊಡೆತಗಳು ಲೆಕ್ಕಕ್ಕಿಲ್ಲ. ಉಳಿಯುವುದು ಎರಡು ಹೊಡೆತಗಳ ದಂಡ ಮಾತ್ರ. ಟೀಗೆ ಮರಳಿ ಅವನು ಹೊಡೆಯುವ ಹೊಡೆತ ಲೆಕ್ಕದಲ್ಲಿ ಮೂರನೆಯದು. ತಪ್ಪು ಜಾಗದಿಂದ ಹೊಡೆದ ಚೆಂಡು ಮೈದಾನದ ಎಲ್ಲೆಯಾಚೆ ಹೋಗಿದ್ದರೂ ಅದಕ್ಕೆ ಪ್ರತ್ಯೇಕ ದಂಡವಿಲ್ಲ. ಆಟದಲ್ಲೇ ಇರದ ಚೆಂಡು ಎಲ್ಲಿಗೆ ಹೋದರೇನು?

ನಿಜವಾದ ಅಪಾಯವಿರುವುದು ತಪ್ಪನ್ನು ಸರಿಪಡಿಸದೆ ಮುಂದುವರಿದಾಗ. ಮುಂದಿನ ಕುಳಿಗೆ ಮೊದಲ ಹೊಡೆತ ಹೊಡೆಯುವ ಮುನ್ನ ತಪ್ಪು ಸರಿಯಾಗಬೇಕು. ಸುತ್ತಿನ ಕೊನೆಯ ಕುಳಿಯಾಗಿದ್ದರೆ ಅಂಕಪಟ್ಟಿ ಒಪ್ಪಿಸುವ ಮುನ್ನ ಸರಿಯಾಗಬೇಕು. ಈ ಗಡುವು ಮೀರಿದರೆ ಆಟಗಾರ ಅನರ್ಹ. ಮುಜುಗರಕ್ಕೆ ಅಂಜಿ ಸುಮ್ಮನೆ ಮುಂದೆ ನಡೆಯುವವನು ಎರಡು ಹೊಡೆತ ಉಳಿಸಲು ಹೋಗಿ ಇಡೀ ಸ್ಪರ್ಧೆಯನ್ನೇ ಕಳೆದುಕೊಳ್ಳುತ್ತಾನೆ.

ಯಾವುದು ಸರಿ ಎಂಬ ಸಂದೇಹ ಮೂಡಿದರೆ ಸ್ಟ್ರೋಕ್ ಪ್ಲೇಯಲ್ಲಿ ದಾರಿಯೊಂದಿದೆ. ಮುಂದಿನ ಹೊಡೆತಕ್ಕೆ ಮುನ್ನವೇ ತನ್ನ ಉದ್ದೇಶವನ್ನು ತಿಳಿಸಿ ಆಟಗಾರ ಎರಡು ಚೆಂಡುಗಳಲ್ಲಿ ಆ ಕುಳಿಯನ್ನು ಮುಗಿಸಬಹುದು. ಅಂಕಪಟ್ಟಿ ಒಪ್ಪಿಸುವ ಮೊದಲು ವಿಷಯವನ್ನು ಸಮಿತಿಯ ಮುಂದಿಡಬೇಕು. ಯಾವ ಚೆಂಡಿನ ಲೆಕ್ಕ ಸಲ್ಲುತ್ತದೆ ಎಂಬುದನ್ನು ಸಮಿತಿ ತೀರ್ಮಾನಿಸುತ್ತದೆ.

ಮ್ಯಾಚ್ ಪ್ಲೇ: ಎದುರಾಳಿಯ ಕೈಯಲ್ಲಿ ನಿರ್ಧಾರ

ಇಬ್ಬರು ನೇರವಾಗಿ ಸೆಣಸುವ, ಕುಳಿ ಕುಳಿಗೂ ಸೋಲು-ಗೆಲುವು ಎಣಿಸುವ ಮ್ಯಾಚ್ ಪ್ಲೇಯಲ್ಲಿ ನಿಯಮ ಬೇರೆ. ಅಲ್ಲಿ ಇದಕ್ಕೆ ದಂಡವೇ ಇಲ್ಲ. ಆದರೆ ಆ ಹೊಡೆತವನ್ನು ರದ್ದುಪಡಿಸುವ ಹಕ್ಕು ಎದುರಾಳಿಗಿದೆ. ಈ ಹಕ್ಕನ್ನು ತಕ್ಷಣ, ಇಬ್ಬರಲ್ಲಿ ಯಾರಾದರೂ ಮತ್ತೊಂದು ಹೊಡೆತ ಹೊಡೆಯುವ ಮುನ್ನವೇ ಚಲಾಯಿಸಬೇಕು. ರದ್ದಾದರೆ ಸರಿಯಾದ ಜಾಗದಿಂದ ಮರಳಿ ಆಡಬೇಕು. ಇಲ್ಲವಾದರೆ ಚೆಂಡು ಬಿದ್ದಲ್ಲಿಂದಲೇ ಆಟ ಮುಂದುವರಿಯುತ್ತದೆ. ಹೊಡೆತ ಚೆನ್ನಾಗಿ ಬಿದ್ದಿದ್ದರೆ ಎದುರಾಳಿ ರದ್ದುಪಡಿಸುತ್ತಾನೆ, ಪೊದೆಗೆ ಬಿದ್ದಿದ್ದರೆ ಸುಮ್ಮನಿರುತ್ತಾನೆ. ಹಾಗಾಗಿ ದಂಡವಿಲ್ಲದಿದ್ದರೂ ತಪ್ಪಿನಿಂದ ಲಾಭವಾಗುವ ಸಂಭವ ಕಡಿಮೆ.

ಒಂದು ಇಂಚಿಗೆ ತೆತ್ತ ಬೆಲೆ

ತಪ್ಪು ಜಾಗದಿಂದ ಆಡಿದ್ದಕ್ಕೆ ದಂಡ ಬೀಳುವುದು ಟೀಯಲ್ಲಿ ಮಾತ್ರವಲ್ಲ. 2013ರ ಮಾಸ್ಟರ್ಸ್ ಟೂರ್ನಿಯಲ್ಲಿ ಟೈಗರ್ ವುಡ್ಸ್ ಹೊಡೆದ ಚೆಂಡು ಧ್ವಜದ ಕೋಲಿಗೆ ತಾಗಿ ನೀರಿಗೆ ಬಿತ್ತು. ಮುಂದಿನ ಹೊಡೆತಕ್ಕೆ ಚೆಂಡನ್ನು ಮೊದಲಿನ ಜಾಗಕ್ಕಿಂತ ಹಿಂದೆ ಇಳಿಸಿ ಆಡಿದ್ದಕ್ಕೆ ಅವರಿಗೆ ಎರಡು ಹೊಡೆತ ದಂಡ ಬಿತ್ತು. 2017ರಲ್ಲಿ ಎಎನ್‌ಎ ಇನ್‌ಸ್ಪಿರೇಷನ್ ಟೂರ್ನಿಯಲ್ಲಿ ಮುನ್ನಡೆಯಲ್ಲಿದ್ದ ಲೆಕ್ಸಿ ಥಾಂಪ್ಸನ್ ಹಿಂದಿನ ದಿನ ಹಸಿರುಹಾಸಿನ ಮೇಲೆ ಚೆಂಡನ್ನು ಇಂಚಿನಷ್ಟು ಪಕ್ಕಕ್ಕೆ ಇಟ್ಟಿದ್ದರು. ಟಿ.ವಿ. ವೀಕ್ಷಕರೊಬ್ಬರು ಅದನ್ನು ಗಮನಿಸಿ ಇ-ಮೇಲ್ ಕಳುಹಿಸಿದರು. ತಪ್ಪು ಜಾಗಕ್ಕೆ ಎರಡು, ಅಂಕಪಟ್ಟಿ ತಪ್ಪಾದದ್ದಕ್ಕೆ ಎರಡು, ಒಟ್ಟು ನಾಲ್ಕು ಹೊಡೆತಗಳ ದಂಡ ಬಿತ್ತು. ಮರುಸ್ಪರ್ಧೆಯಲ್ಲಿ ಅವರು ದಕ್ಷಿಣ ಕೊರಿಯಾದ ರ್‍ಯು ಸೋ-ಯಾನ್‌ಗೆ ಸೋತರು. ಈ ಘಟನೆಯ ನಂತರ, 2018ರಿಂದ ವೀಕ್ಷಕರ ದೂರುಗಳನ್ನು ಪರಿಗಣಿಸುವ ಪದ್ಧತಿಗೆ ತೆರೆಬಿತ್ತು.

ಕುಳಿಯ ಪಕ್ಕದಿಂದ ಟೀವರೆಗೆ

ಆರಂಭದ ಜಾಗಕ್ಕೆ ಗಾಲ್ಫ್ ನೀಡಿರುವ ಮಹತ್ವ ಹೊಸದಲ್ಲ. ಸ್ಕಾಟ್‌ಲೆಂಡಿನ ಲೀತ್‌ನಲ್ಲಿ 1744ರಲ್ಲಿ ಬರೆದಿಟ್ಟ 13 ನಿಯಮಗಳಲ್ಲಿ ಮೊತ್ತಮೊದಲನೆಯದೇ ಇದರ ಕುರಿತಾದದ್ದು. ಆಡಿ ಮುಗಿಸಿದ ಕುಳಿಯಿಂದ ಒಂದು ಕ್ಲಬ್ ಉದ್ದದೊಳಗೆ ಚೆಂಡನ್ನಿಟ್ಟು ಮುಂದಿನ ಆಟ ಆರಂಭಿಸಬೇಕೆಂದು ಆಗ ನಿಯಮವಿತ್ತು. ಪ್ರತ್ಯೇಕ ಟೀ ಜಾಗಗಳು ಬಳಕೆಗೆ ಬಂದದ್ದು 19ನೇ ಶತಮಾನದಲ್ಲಿ. ಕರ್ನಾಟಕಕ್ಕೂ ಈ ಆಟ ಬಂದದ್ದು ಅದೇ ಶತಮಾನದಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಇಂದು ಜಗತ್ತಿನಾದ್ಯಂತ ನಿಯಮಗಳನ್ನು ರೂಪಿಸುತ್ತಿರುವುದು ಆರ್ ಅಂಡ್ ಎ ಹಾಗೂ ಅಮೆರಿಕದ ಗಾಲ್ಫ್ ಸಂಘ. 2019ರಲ್ಲಿ ನಿಯಮಗಳನ್ನು ಸಮಗ್ರವಾಗಿ ಪರಿಷ್ಕರಿಸಲಾಯಿತು, 2023ರಲ್ಲಿ ಮತ್ತೆ ತಿದ್ದಲಾಯಿತು. ಆದರೆ ತಪ್ಪು ಟೀಗೆ ವಿಧಿಸುವ ಎರಡು ಹೊಡೆತಗಳ ದಂಡ ಹಾಗೆಯೇ ಉಳಿದಿದೆ.

ಕ್ರಿಕೆಟ್‌ನಲ್ಲಿ ಬೌಲರ್ ಗೆರೆ ದಾಟಿದರೆ ಅಂಪೈರ್ ಕೈ ಚಾಚುತ್ತಾರೆ. ಗಾಲ್ಫ್‌ನಲ್ಲಿ ಬಹುಪಾಲು ಆಟಗಾರರ ಪಕ್ಕದಲ್ಲಿ ಅಂಪೈರ್ ಇರುವುದಿಲ್ಲ. ತನ್ನ ತಪ್ಪನ್ನು ತಾನೇ ಹೇಳಿಕೊಂಡು ತಾನೇ ದಂಡ ಬರೆದುಕೊಳ್ಳಬೇಕೆಂಬುದು ಆ ಆಟದ ಧರ್ಮ. ಆದ್ದರಿಂದ ಅನುಭವಿಗಳು ಚೆಂಡನ್ನಿಡುವ ಮುನ್ನ ಮೂರು ವಿಷಯ ಖಚಿತಪಡಿಸಿಕೊಳ್ಳುತ್ತಾರೆ: ಕುಳಿಯ ಸಂಖ್ಯೆ, ಗುರುತಿನ ಬಣ್ಣ, ಮುಂದಿನ ಗಡಿ. ಇದಕ್ಕೆ ತಗಲುವುದು ಕೆಲವೇ ಕ್ಷಣ. ಟೋಕಿಯೊದಲ್ಲಿ ಪದಕಕ್ಕೂ ಅದಿತಿಗೂ ನಡುವೆ ಉಳಿದದ್ದು ಒಂದೇ ಹೊಡೆತ ಎಂಬುದನ್ನು ನೆನೆದರೆ, ಆ ಕೆಲವು ಕ್ಷಣಗಳ ಬೆಲೆ ಎಷ್ಟೆಂಬುದು ಸ್ಪಷ್ಟವಾಗುತ್ತದೆ.