ತೋಳಿನ ಪಟ್ಟಿ, ಮಣಿಕಟ್ಟಿನ ಸೂಜಿ

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೃದಯವನ್ನು ನಿಲ್ಲಿಸಿ ಅದರ ಕೆಲಸವನ್ನು ಹಾರ್ಟ್-ಲಂಗ್ ಯಂತ್ರಕ್ಕೆ ಒಪ್ಪಿಸಿದ ಮೇಲೆ, ತೋಳಿಗೆ ಸುತ್ತಿದ ಬಿಪಿ ಪಟ್ಟಿಯಿಂದ ಏನೂ ಉಪಯೋಗವಿಲ್ಲ. ರಕ್ತ ಹರಿಯುತ್ತಲೇ ಇರುತ್ತದೆ, ಒತ್ತಡವೂ ಇರುತ್ತದೆ. ಆದರೆ ಸಾಮಾನ್ಯವಾಗಿ ಈ ಯಂತ್ರ ರಕ್ತವನ್ನು ಒಂದೇ ಸಮನೆ ತಳ್ಳುವುದರಿಂದ ನಾಡಿಯ ಬಡಿತ ಇರುವುದಿಲ್ಲ. ಬಡಿತವಿಲ್ಲದೆ ಪಟ್ಟಿಗೆ ಏನೂ ಗೊತ್ತಾಗದು.

ಇಟಲಿಯ ವೈದ್ಯ ರಿವಾ-ರೊಚ್ಚಿ ರೂಪಿಸಿದ ಬಿಪಿ ಪಟ್ಟಿಯನ್ನು 1901ರಲ್ಲಿ ಪಾವಿಯಾದಲ್ಲಿ ಕಂಡ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್, ಅದನ್ನು ಬಾಲ್ಟಿಮೋರ್‌ನ ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ದರು. ಈಗ ಥಿಯೇಟರಿನಲ್ಲಿರುವುದು ತಾನಾಗಿ ಉಬ್ಬಿ ಇಳಿಯುವ ಪಟ್ಟಿ. ಸ್ಟೆತಸ್ಕೋಪಿನಂತೆ ಇದು ಸದ್ದು ಕೇಳಿಸಿಕೊಳ್ಳುವುದಿಲ್ಲ. ಗಾಳಿ ಇಳಿಯುತ್ತಾ ಬಂದಂತೆ ಅಪಧಮನಿಯ ಮಿಡಿತ ಪಟ್ಟಿಯೊಳಗಿನ ಗಾಳಿಯನ್ನು ಅಲುಗಿಸುತ್ತದೆ. ಆ ಅಲುಗಾಟ ಅತಿ ಹೆಚ್ಚಾಗುವ ಹಂತವೇ ಸರಾಸರಿ ಒತ್ತಡ. ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಯಂತ್ರ ತನ್ನ ಸೂತ್ರದಿಂದ ಲೆಕ್ಕ ಹಾಕಿ ತೋರಿಸುತ್ತದೆ. ಆ ಸೂತ್ರ ಒಂದೊಂದು ತಯಾರಕರದು ಒಂದೊಂದು ಥರ. ನಾವೆಲ್ಲ ಮೊದಲು ಕೇಳುವುದು ಮೇಲಿನ ಅಂಕಿಯನ್ನೇ, ಪಟ್ಟಿ ಚೆನ್ನಾಗಿ ಬಲ್ಲದ್ದು ಮಾತ್ರ ನಡುವಿನದನ್ನು.

ಪಟ್ಟಿ ತೋಳಿಗೆ ಚಿಕ್ಕದಾದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ನಾಡಿ ಏರುಪೇರಾಗಿದ್ದರೂ ಲೆಕ್ಕ ತಪ್ಪುತ್ತದೆ. ನನ್ನನ್ನು ಹೆಚ್ಚು ಕಾಡುವ ದೋಷ ಬೇರೆ: ಒತ್ತಡ ತೀರಾ ಕುಸಿದಾಗ ಪಟ್ಟಿ ಅದನ್ನು ನಿಜಕ್ಕಿಂತ ಮೇಲಾಗಿಯೇ ತೋರಿಸುವುದು ಹೆಚ್ಚು. ಎಚ್ಚರಿಕೆ ತೀರಾ ಅಗತ್ಯವಿರುವ ಗಳಿಗೆಯಲ್ಲೇ ಸಮಾಧಾನ ಹೇಳುವ ಅಂಕಿ ಅದು. ಜೊತೆಗೆ ಎರಡು ಅಳತೆಗಳ ನಡುವಿನ ಕುರುಡು ಸಮಯವಿದೆ. ಕನಿಷ್ಠ 5 ನಿಮಿಷಕ್ಕೊಮ್ಮೆ ನೋಡಬೇಕೆಂಬುದು ವಾಡಿಕೆಯ ನಿಯಮ. ಅರಿವಳಿಕೆ ಮದ್ದು ಕೊಟ್ಟಾಗ ಒತ್ತಡ ಕುಸಿಯಲು ಅಷ್ಟು ಹೊತ್ತು ಬೇಕಾಗಿಲ್ಲ.

ಅದಕ್ಕಾಗಿಯೇ ಆರ್ಟೀರಿಯಲ್ ಲೈನ್. ಮಣಿಕಟ್ಟಿನ ಅಪಧಮನಿಗೆ ಸೂಜಿ ಚುಚ್ಚಿ, ತೆಳು ಕ್ಯಾನುಲಾ ಒಳಗಿಟ್ಟು, ಸಲೈನ್ ತುಂಬಿದ ಗಟ್ಟಿ ಕೊಳವೆಯ ಮೂಲಕ ಅದನ್ನು ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಟ್ರಾನ್ಸ್‌ಡ್ಯೂಸರಿಗೆ ಜೋಡಿಸುತ್ತಾರೆ. ರಕ್ತ ಹೆಪ್ಪುಗಟ್ಟದಿರಲೆಂದು ಸಲೈನ್ ಚೀಲವನ್ನು ಪಾದರಸದ 300 ಮಿ.ಮೀ. ಒತ್ತಡಕ್ಕೆ ಬಿಗಿದು, ಗಂಟೆಗೆ ಸುಮಾರು 3 ಮಿ.ಲೀ. ಹರಿಯಬಿಡುತ್ತಾರೆ. ಪ್ರತಿ ಬಡಿತವೂ ಅಲೆಯಾಗಿ ಪರದೆಯ ಮೇಲೆ ಬರುತ್ತದೆ. ನಾಡಿ ಇಲ್ಲದಾಗಲೂ ಒತ್ತಡ ತಿಳಿಯುತ್ತದೆ.

ಹಾಗೆಂದು ಇದು ಹೇಳಿದ್ದೆಲ್ಲ ಸತ್ಯವಲ್ಲ. ಗಾರೆಯವರು ನೀರು ತುಂಬಿದ ಪಾರದರ್ಶಕ ಪೈಪಿನಿಂದ ಗೋಡೆಯ ಮಟ್ಟ ನೋಡುವುದನ್ನು ಕಂಡವರಿಗೆ ಇದರ ತೊಡಕು ಸುಲಭವಾಗಿ ಅರ್ಥವಾದೀತು. ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲೇ ಇರಬೇಕು. 10 ಸೆಂ.ಮೀ. ಕೆಳಗಿಳಿದರೆ ಸುಮಾರು 7.5 ಮಿ.ಮೀ. ಹೆಚ್ಚು ತೋರುತ್ತದೆ. ಶಸ್ತ್ರವೈದ್ಯರು ಮೇಜನ್ನು 20 ಸೆಂ.ಮೀ. ಎತ್ತಿಸಿಕೊಂಡರು, ಕಂಬಕ್ಕೆ ಕಟ್ಟಿದ ಟ್ರಾನ್ಸ್‌ಡ್ಯೂಸರ್ ಇದ್ದಲ್ಲೇ ಉಳಿಯಿತು ಎನ್ನಿ. ಪರದೆಯ ಮೇಲೆ ಸರಾಸರಿ 65 ಇರುತ್ತದೆ, ರೋಗಿಯ ಮೈಯಲ್ಲಿ 50. ಸರಾಸರಿ 65ಕ್ಕಿಂತ ಕೆಳಗೆ ಹೆಚ್ಚು ಹೊತ್ತು ಉಳಿದವರಲ್ಲಿ ಮೂತ್ರಪಿಂಡಕ್ಕೂ ಹೃದಯಕ್ಕೂ ಹಾನಿ ಹೆಚ್ಚೆಂದು ದೊಡ್ಡ ಅಧ್ಯಯನಗಳು ಕಂಡಿವೆ. ಹೀಗಿರುವಾಗ ಆ 15 ಮಿ.ಮೀ. ಸಣ್ಣ ವ್ಯತ್ಯಾಸವಲ್ಲ.

ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಅಲೆ ಮಂಕಾಗುತ್ತದೆ: ಮೇಲಿನ ಅಂಕಿ ಇಳಿಯುತ್ತದೆ, ಕೆಳಗಿನದು ಏರುತ್ತದೆ, ಸರಾಸರಿ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ಮಹಾಪಧಮನಿಗಿಂತ ಮಣಿಕಟ್ಟಿನಲ್ಲಿ ಮೇಲಿನ ಅಂಕಿ ಸಹಜವಾಗಿಯೇ ಹೆಚ್ಚು. ಅಲ್ಲಿಯೂ ಸರಾಸರಿ ಹೆಚ್ಚು ಬದಲಾಗದು. ಪಟ್ಟಿಯನ್ನೂ ಲೈನನ್ನೂ ಹೋಲಿಸುವವರು ನೋಡಬೇಕಾದದ್ದು ಈ ಸರಾಸರಿಯನ್ನೇ ಎಂದು ನಾನು ಒತ್ತಿ ಹೇಳುತ್ತೇನೆ. 120, 140 ಎಂಬ ಅಂಕಿಗಳು ಬೇರೆಯಾದವೆಂದು ಯಾವ ಯಂತ್ರವನ್ನೂ ಸುಳ್ಳೆನ್ನಬೇಕಾಗಿಲ್ಲ.

ಸೂಜಿ ಚುಚ್ಚಿದ ಮೇಲೆ ರಕ್ತಸ್ರಾವ, ಹೆಪ್ಪು, ಸೋಂಕಿನ ಅಪಾಯ ಇದ್ದದ್ದೇ, ಕೈಗೆ ಗಂಭೀರ ಹಾನಿ ಅಪರೂಪ. ಆರೋಗ್ಯವಂತ ಯುವಕನ ಹರ್ನಿಯಾಕ್ಕೆ ಪಟ್ಟಿ ಸಾಕು; ಹೃದಯ, ಮಿದುಳು, ದೊಡ್ಡ ರಕ್ತನಾಳಗಳ ಕೆಲಸಕ್ಕೆ ಲೈನ್ ಬೇಕು. ಇವೆರಡರ ನಡುವಿನದು ಜೆಕ್ ಶರೀರಶಾಸ್ತ್ರಜ್ಞ ಯಾನ್ ಪೆನ್ಯಾಜ್ ರೂಪಿಸಿದ ಬೆರಳಿನ ಪಟ್ಟಿ. ಅವಕೆಂಪು ಬೆಳಕು ಬೆರಳಿನ ಅಪಧಮನಿಯ ಗಾತ್ರವನ್ನು ಕಾಯುತ್ತದೆ. ಆ ಗಾತ್ರ ಬದಲಾಗದಂತೆ ಪಟ್ಟಿ ಕ್ಷಣಕ್ಷಣಕ್ಕೂ ಬಿಗಿಯುತ್ತದೆ, ಸಡಿಲುತ್ತದೆ. ಹಾಗೆ ಬಿಗಿಯಲು ಬೇಕಾದ ಒತ್ತಡವೇ ಬಿಪಿ. ಚುಚ್ಚದೆಯೇ ಪ್ರತಿ ಬಡಿತವೂ ಸಿಗುತ್ತದೆ. ಆದರೆ ಬೆರಳು ತಣ್ಣಗಾಗಿ ರಕ್ತನಾಳ ಕುಗ್ಗಿದರೆ ಇದನ್ನು ನಂಬುವಂತಿಲ್ಲ.

ಭುಜದ ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಕೂರಿಸಿದಾಗ ಎಲ್ಲ ಲೆಕ್ಕವೂ ಮತ್ತೆ ಬದಲಾಗುತ್ತದೆ. ತೋಳಿನ ಪಟ್ಟಿ ಸರಾಸರಿ 70 ಎಂದರೆ, ಅದಕ್ಕಿಂತ 30 ಸೆಂ.ಮೀ. ಎತ್ತರದಲ್ಲಿರುವ ಮಿದುಳಿಗೆ ಸಿಗುವುದು 48ರ ಆಸುಪಾಸು. ಪಟ್ಟಿಯನ್ನು ಕಾಲಿಗೆ ಕಟ್ಟಿದ್ದರಂತೂ ಅಂತರ ಇನ್ನೂ ಹೆಚ್ಚು. ಲೈನ್ ಹಾಕಿದ್ದರೆ ಅರಿವಳಿಕೆ ತಜ್ಞರು ಟ್ರಾನ್ಸ್‌ಡ್ಯೂಸರನ್ನು ಕಿವಿಯ ಮಟ್ಟಕ್ಕೆ ಏರಿಸಿ, ಅಲ್ಲೇ ಸೊನ್ನೆ ಹೊಂದಿಸಿ, ಮಿದುಳಿನ ಒತ್ತಡವನ್ನು ನೇರವಾಗಿ ಓದಿಕೊಳ್ಳುತ್ತಾರೆ.