ಎಚ್ಚರಿಕೆಯ ಸಾಲು: ಕಳ್ಳನೋ, ಅನುವಾದಕನೋ?



ನಿಮ್ಮ ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುವ ಹೊಣೆ ನಿಮ್ಮದು ಎಂದಿಟ್ಟುಕೊಳ್ಳಿ. ಪ್ರವೇಶ ಪ್ರಕಟಣೆ, ಶುಲ್ಕದ ವಿವರ ಊರಿನಲ್ಲಿರುವ ತಂದೆತಾಯಂದಿರಿಗೂ ತಿಳಿಯಲೆಂದು ಇಂಗ್ಲಿಷ್ ಪುಟಗಳನ್ನು ಕನ್ನಡಕ್ಕೆ ತರುವ ಪ್ಲಗಿನ್ ಒಂದನ್ನು ಹಾಕಿದಿರಿ. ಮರುದಿನ ಸರ್ವರಿನ ದಾಖಲೆ ತೆರೆದರೆ ಹಿಂದೆಂದೂ ಕಾಣದ ಎಚ್ಚರಿಕೆಗಳು ಸಾಲುಗಟ್ಟಿ ನಿಂತಿವೆ. ಯಾರೋ ಒಳನುಗ್ಗುತ್ತಿದ್ದಾರೆಯೆ? ಪ್ಲಗಿನ್ ಕಿತ್ತುಹಾಕಬೇಕೆ? ಅವಸರ ಬೇಡ. ಮೊದಲು ಆ ಸಾಲನ್ನು ಓದಲು ಕಲಿಯೋಣ.

ಗೇಟಿನ ರಿಜಿಸ್ಟರ್

ನಮ್ಮ ಸ್ಟುಡಿಯೋದ ಗೇಟಿನಲ್ಲಿ ಒಂದು ರಿಜಿಸ್ಟರ್ ಇದೆ. ಯಾರು ಬಂದರು, ಯಾವಾಗ, ಯಾರನ್ನು ಕಾಣಲು ಎಂಬುದೆಲ್ಲ ಅದರಲ್ಲಿರುತ್ತದೆ. ಸರ್ವರಿನ ಆಕ್ಸೆಸ್ ಲಾಗ್ ಅಂಥದೇ ಪುಸ್ತಕ. ಕೇಳಿದವರ ಐಪಿ ವಿಳಾಸ, ಸಮಯ, ಕೇಳಿದ ಪುಟ, ಸರ್ವರ್ ಕೊಟ್ಟ ಉತ್ತರದ ಸಂಖ್ಯೆ ಅದರಲ್ಲಿರುತ್ತವೆ. 200 ಎಂದರೆ ಕೇಳಿದ್ದು ಸಿಕ್ಕಿತು; 403 ಎಂದರೆ ಪ್ರವೇಶವಿಲ್ಲ; 404 ಎಂದರೆ ಅಂಥದು ಇಲ್ಲಿಲ್ಲ. ಲಾಗ್ ತಾನಾಗಿ ಯಾರನ್ನೂ ದೂರುವುದಿಲ್ಲ. ‘ಇದು ಸಂಶಯಾಸ್ಪದ’ ಎಂದು ಹೇಳುವುದು ಸರ್ವರಿಗೆ ಕಾವಲಿರುವ ಸಾಫ್ಟ್‌ವೇರ್.

ಸಂಶಯ ಏಕೆ?

ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು, ಕೆಲವು ಪ್ಲಗಿನ್‌ಗಳು ಪ್ರತಿ ಪುಟಕ್ಕೂ ಕನ್ನಡದ ಹೊಸ ವಿಳಾಸ ಸೃಷ್ಟಿಸುತ್ತವೆ. ಸರ್ಚ್ ಎಂಜಿನ್‌ಗಳ ರೋಬಾಟ್‌ಗಳು ಅವನ್ನೆಲ್ಲ ಕೇಳತೊಡಗುತ್ತವೆ. ಚಿತ್ರಗಳ ವಿಳಾಸವೂ ತಪ್ಪಾಗಿ ಬದಲಾಗಿದ್ದರೆ 404ಗಳ ಮಳೆಯೇ ಸುರಿಯುತ್ತದೆ.

ಎರಡನೆಯದು, ಪುಟ ತೆರೆದ ಮೇಲೆ ಮೂಡುವ ಹೊಸ ಮಾತುಗಳನ್ನು ಕೆಲವು ಪ್ಲಗಿನ್‌ಗಳು ಓದುಗರ ಬ್ರೌಸರಿನಿಂದಲೇ ಸರ್ವರಿಗೆ ಕಳುಹಿಸಿ ಅನುವಾದ ಕೇಳುತ್ತವೆ. ಹತ್ತಾರು ಅಪರಿಚಿತ ವಿಳಾಸಗಳಿಂದ ಪ್ಲಗಿನ್ನಿನ ಒಳಗಿನ ಫೈಲಿಗೆ ನೇರ ಕರೆ ಬಂದರೆ ಕಾವಲುಗಾರ ಬೆಚ್ಚಿ 403 ಎನ್ನಬಹುದು.

ಮೂರನೆಯದು ನಮ್ಮ ಲಿಪಿಗೇ ಸೇರಿದ್ದು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಬೇಕು. ವೆಬ್ ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. ‘ಕನ್ನಡ’ ಎಂಬುದರಲ್ಲಿ ಒತ್ತಕ್ಷರ ಮೂಡಿಸುವ ಚಿಹ್ನೆಯೂ ಸೇರಿ 5 ಸಂಕೇತಗಳಿವೆ. ಲಾಗಿನಲ್ಲಿ ಅದು 45 ಅಕ್ಷರಗಳ ಗೋಜಲು! ಅರ್ಥವಾಗದ ಇಷ್ಟುದ್ದದ ವಿಳಾಸ ದಾಳಿಯಂತೆ ತೋರಿದರೆ ಆಶ್ಚರ್ಯವಿಲ್ಲ.

ಪತ್ತೆ ಹೇಗೆ?

ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದು ಎಚ್ಚರಿಕೆಯ ಸಾಲನ್ನು ಪೂರ್ತಿ ಬರೆದುಕೊಳ್ಳಿ. ಗಡಿಯಾರ ನೋಡಿಕೊಂಡು ಕನ್ನಡ ಪುಟವನ್ನು ನೀವೇ ತೆರೆಯಿರಿ. ಅದೇ ನಿಮಿಷಕ್ಕೆ, ನಿಮ್ಮದೇ ಐಪಿ ವಿಳಾಸದಿಂದ ಅಂಥದೇ ಸಾಲು ಮೂಡಿತೆ? ಹಾಗಾದರೆ ಆ ‘ಕಳ್ಳ’ ನೀವೇ! ಬಳಿಕ ಸೈಟಿನ ಪ್ರತಿಯೊಂದರಲ್ಲಿ ಪ್ಲಗಿನ್ ನಿಲ್ಲಿಸಿ, ಉಳಿಸಿಟ್ಟ ಹಳೆಯ ಪುಟಗಳನ್ನು ಅಳಿಸಿ, ಮತ್ತೆ ನೋಡಿ. ಎಚ್ಚರಿಕೆ ನಿಂತು, ಪ್ಲಗಿನ್ ಹಾಕಿದೊಡನೆ ಮರಳಿದರೆ ಕಾರಣ ಸಿಕ್ಕಿತು.

ಆಗ ಪ್ಲಗಿನ್ನಿನ ಹೊಸ ಆವೃತ್ತಿ ಹಾಕಿ. ಎಚ್ಚರಿಕೆ ಇನ್ನೂ ಉಳಿದರೆ ಆ ಒಂದು ವಿಳಾಸಕ್ಕೆ, ಆ ಒಂದು ನಿಯಮಕ್ಕೆ ಮಾತ್ರ ವಿನಾಯಿತಿ ಕೊಡಿ. ಕಾವಲನ್ನೇ ತೆಗೆದುಹಾಕಬೇಡಿ.

ಒಂದು ಮಾತು ನೆನಪಿರಲಿ. ಸಾಲಿನಲ್ಲಿ ಪ್ಲಗಿನ್ನಿನ ಹೆಸರಿದ್ದ ಮಾತ್ರಕ್ಕೆ ಅದು ನಿರಪರಾಧಿಯಲ್ಲ. ಹಳೆಯ ಪ್ಲಗಿನ್ನಿನ ದೋಷ ಹುಡುಕುವ ದುಷ್ಟರೂ ಅದೇ ಬಾಗಿಲು ತಟ್ಟುತ್ತಾರೆ. ಒಂದೇ ವಿಳಾಸದಿಂದ ಲಾಗಿನ್ ಪುಟಕ್ಕೆ ನೂರಾರು ಕರೆ, ನಿಮ್ಮಲ್ಲಿ ಇಲ್ಲವೇ ಇಲ್ಲದ ಫೈಲುಗಳ ಹುಡುಕಾಟ ಕಂಡರೆ ತಡೆಯಿರಿ. ಎಲ್ಲವನ್ನೂ ತಡೆದರೆ ಕನ್ನಡ ಓದುವ ತಂದೆಗೆ ಪ್ರಕಟಣೆ ತಲುಪದು. ಎಲ್ಲವನ್ನೂ ಬಿಟ್ಟರೆ ಮನೆಯೇ ಬಯಲು. ಸಂಶಯ ಉಳಿದರೆ ಆ ಸಾಲನ್ನು ನಿಮ್ಮ ಕಂಪ್ಯೂಟರ್ ಅಧ್ಯಾಪಕರಿಗೆ ತೋರಿಸಿ, ಜೊತೆಗೆ ಕುಳಿತು ಓದಿ.