ಪಕ್ಷಪಾತದ ಆಕರ ನಿಷ್ಪ್ರಯೋಜಕವೇ?

ಆಕರವು, ಅಂದರೆ ಗತಕಾಲವನ್ನು ತಿಳಿಯಲು ನೆರವಾಗುವ ಶಾಸನ, ಗ್ರಂಥ, ನಾಣ್ಯ ಮೊದಲಾದ ಸಾಮಗ್ರಿಯು, ಪಕ್ಷಪಾತದಿಂದ ಕೂಡಿದ್ದರೆ ಅದನ್ನು ತಳ್ಳಿಹಾಕಬೇಕೆಂಬ ನಂಬಿಕೆ ಇತಿಹಾಸದ ವಿದ್ಯಾರ್ಥಿಗಳಲ್ಲಿ ಆಳವಾಗಿ ಬೇರೂರಿದೆ. ಐಹೊಳೆ ಶಾಸನದ ಕವಿ ರವಿಕೀರ್ತಿ ಚಾಲುಕ್ಯ ಅರಸ ಇಮ್ಮಡಿ ಪುಲಕೇಶಿಯ ಆಶ್ರಿತ, ಆದ್ದರಿಂದ ಅವನ ಮಾತು ನಂಬಲರ್ಹವಲ್ಲ ಎಂದು ಬರೆದು ಲೇಖನಿ ಕೆಳಗಿಡುವವರು, ವಿಮರ್ಶೆ ಆರಂಭವಾಗಬೇಕಾದಲ್ಲಿಯೇ ಅದನ್ನು ಮುಗಿಸಿಬಿಡುತ್ತಾರೆ.

ಮೇಗುತಿ ಜಿನಾಲಯದಲ್ಲಿರುವ, ಕ್ರಿ.ಶ. 634ರ ಈ ಶಾಸನವು ಪ್ರಶಸ್ತಿ, ಎಂದರೆ ಅರಸನ ಕೀರ್ತಿಯನ್ನು ಸಾರುವ ಕಾವ್ಯ. ಹೊಗಳುವುದೇ ಅದರ ಉದ್ದೇಶವಾಗಿರುವಾಗ ಅದು ಹೊಗಳಿತೆಂದು ಆಕ್ಷೇಪಿಸುವುದರಲ್ಲಿ ಯಾವ ಜಾಣತನವೂ ಇಲ್ಲ. ಉತ್ತರದ ಅರಸ ಹರ್ಷವರ್ಧನನು ಪುಲಕೇಶಿಗೆ ಸೋತನೆಂಬ ಅದರ ಹೇಳಿಕೆಯನ್ನು ಅದೊಂದರ ಬಲದಿಂದಲೇ ಒಪ್ಪಬೇಕಿಲ್ಲ ನಿಜ. ಆದರೆ ಹರ್ಷನ ಸತ್ಕಾರವನ್ನೇ ಪಡೆದಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೂಡ ಪುಲಕೇಶಿಯು ಹರ್ಷನಿಗೆ ಮಣಿಯಲಿಲ್ಲವೆಂದು ದಾಖಲಿಸಿರುವುದರಿಂದ ಆ ಹೇಳಿಕೆಯ ತಿರುಳಿಗೆ ತೂಕ ಬರುತ್ತದೆ. ಪಲ್ಲವರು ಪುಲಕೇಶಿಯ ರಾಜಧಾನಿ ಬಾದಾಮಿಯನ್ನು ಗೆದ್ದ ಸಂಗತಿ ಶಾಸನದಲ್ಲಿಲ್ಲವೆಂದು ಕವಿಯ ಮೇಲೆ ಮರೆಮಾಚಿದ ಆರೋಪ ಹೊರಿಸುವವರೂ ಇದ್ದಾರೆ. ಆ ಪತನವು ನಡೆದದ್ದು 642ರ ಸುಮಾರಿಗೆ, ಶಾಸನ ಹುಟ್ಟಿ ಏಳೆಂಟು ವರ್ಷಗಳಾದ ಮೇಲೆ ಎಂಬುದನ್ನು ಗಮನಿಸುವಷ್ಟು ತಾಳ್ಮೆ ಅವರಿಗಿರುವುದಿಲ್ಲ. ಎಲ್ಲಕ್ಕಿಂತ ಸೋಜಿಗವೆಂದರೆ, ರವಿಕೀರ್ತಿಯ ಆತ್ಮಪ್ರಶಂಸೆಯೇ ಇಲ್ಲಿ ಅಮೂಲ್ಯ ಸಾಕ್ಷ್ಯವಾಗಿದೆ: ಕಾಳಿದಾಸ ಮತ್ತು ಭಾರವಿಯರ ಕೀರ್ತಿಗೆ ತಾನೂ ಸಮನೆಂದು ಅವನು ಬೀಗಿದ್ದರಿಂದಲೇ, ಆ ಇಬ್ಬರೂ 634ಕ್ಕೆ ಮೊದಲೇ ದಕ್ಷಿಣದಲ್ಲಿಯೂ ಪ್ರಸಿದ್ಧರಾಗಿದ್ದರೆಂಬುದು ಸಿದ್ಧವಾಗುತ್ತದೆ. ಪುಲಕೇಶಿಯ ಪರಾಕ್ರಮವನ್ನು ಅಳೆಯುವಾಗ ಸಂದೇಹಕ್ಕೆ ಒಳಗಾಗುವ ಅದೇ ಶಾಸನವು ಸಂಸ್ಕೃತ ಕವಿಗಳ ಕಾಲನಿರ್ಣಯದಲ್ಲಿ ಬಹುಮಟ್ಟಿಗೆ ನಿರ್ವಿವಾದವಾದ ಆಧಾರವಾಗುವುದಕ್ಕೆ ಕಾರಣ, ಉಪಯುಕ್ತತೆಯು ಆಕರದಲ್ಲಿ ಮಾತ್ರವಲ್ಲದೆ ಅದರ ಮುಂದಿಡುವ ಪ್ರಶ್ನೆಯಲ್ಲಿಯೂ ಇರುವುದು.

ವಿದೇಶಿ ಪ್ರವಾಸಿಗರು ನಿಷ್ಪಕ್ಷಪಾತಿಗಳೆಂಬುದು ಇನ್ನೊಂದು ಭ್ರಮೆ; 1520ರ ರಾಯಚೂರು ಯುದ್ಧಕ್ಕೆ ವಿಜಯನಗರದ ಏಳು ಲಕ್ಷಕ್ಕೂ ಮಿಕ್ಕ ಕಾಲಾಳುಗಳನ್ನು ತನ್ನ ಬರಹದಲ್ಲಿ ಹೊರಡಿಸಿದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನನ್ನು ಓದಿದವರು ಹಾಗೆನ್ನಲಾರರು. ಲೋಹದ ಮೇಲೆ ಕೊರೆದದ್ದೆಲ್ಲ ಅಸಲಿ ಎಂಬ ನಂಬಿಕೆಯೂ ಹೀಗೆಯೇ, ಏಕೆಂದರೆ ಗಂಗರ ಹೆಸರಿನಲ್ಲಿರುವ ಹಲವು ತಾಮ್ರಪಟಗಳನ್ನು ವಿದ್ವಾಂಸರು ಲಿಪಿಯ ಆಧಾರದಿಂದ ಕೂಟಶಾಸನಗಳೆಂದು, ಅಂದರೆ ನಂತರದ ಕಾಲದ ನಕಲಿಗಳೆಂದು ಗುರುತಿಸಿದ್ದಾರೆ.

ಸಾವಿರದ ನಾನೂರು ವರ್ಷ ಹಳೆಯ, ಕವಿಯ ಹೆಸರೂ ಕಾಲವೂ ಸ್ಪಷ್ಟವಾಗಿರುವ ಶಾಸನವನ್ನು ಶಂಕಿಸುವ ಕೈಗಳೇ, ಕರ್ತೃವೂ ತಿಥಿಯೂ ಇಲ್ಲದ ಇತಿಹಾಸವನ್ನು ಮೊಬೈಲಿನಲ್ಲಿ ದಿನಕ್ಕೆ ಹತ್ತು ಜನರಿಗೆ ಕಳುಹಿಸುತ್ತಿರುವುದರಿಂದ, ಈ ಸಂಶಯವನ್ನು ವಿವೇಕವೆನ್ನುವುದು ಕಷ್ಟ. ಪಕ್ಷಪಾತಿ ಎಂಬ ಒಂದೇ ಪದಕ್ಕೆ ಪೂರ್ಣ ಅಂಕ ಕೊಡುವ ಪರೀಕ್ಷಕರೂ ಈ ದೋಷದಲ್ಲಿ ಸಮಪಾಲುದಾರರು.